ಮನಸ್ಸು ಆಮೇಲೆ ಬರ್ತದೆ

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಮೀನು ಹಿಡಿಯಲು ಕಡಲಿಗಿಳಿಯುವಂತಿಲ್ಲ. ಕಾರವಾರದ ಬಳಿಯ ಮಾಜಾಳಿಯಂಥ ಊರುಗಳಲ್ಲಿ ಅದು ಬಲೆ ರಿಪೇರಿಯ ಕಾಲ. ಗುಡ್ಡೆಬಿದ್ದ ಬಲೆ ನೋಡ್ತಾ ಕೂತ್ರೆ ಯಾರಿಗೂ ಕೈಯೇ ಏಳೋದಿಲ್ಲ. ಹೆಣೆಯುವವರು ನೋಡೋದು ಎದುರಿನ ಒಂದೇ ತೂತು. ಅದು ಮುಗಿದ್ರೆ ಪಕ್ಕದ್ದು.

ಪಾತ್ರೆ, ಬಟ್ಟೆ, ಕರೆಂಟ್ ಬಿಲ್ಲು, ಉತ್ತರ ಕೊಡದ ಮೆಸೇಜು ಎಲ್ಲ ಒಟ್ಟಿಗೇ ಮೈಮೇಲೆ ಬಿದ್ದಾಗಲೂ ಅಷ್ಟೇ. ‘ಮೂಡ್ ಬರಲಿ, ಮಾಡ್ತೆ’ ಅಂತ ಕಾದ್ರೆ ಅದು ಬರೋದಿಲ್ಲ. 1970ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಪೀಟರ್ ಲೆವಿನ್ಸನ್ ಖಿನ್ನತೆಗೆ ಹಿಡಿದ ದಾರಿಯೂ ಇದೇ: ಮೊದಲು ಚಟುವಟಿಕೆ, ಹುರುಪು ಅದರ ಹಿಂದೆ.

ಇವತ್ತಿಗೆ ಎರಡು ಲೋಟ ತೊಳೆದರೂ ಸಾಕು. ವಾರಗಟ್ಟಲೆ ಹಾಸಿಗೆಯಿಂದ ಏಳಲಿಕ್ಕೇ ಆಗದಿದ್ರೆ ಸುಮ್ನಿರಬೇಡಿ, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.