ದೇವರಾಜ ಮಾರುಕಟ್ಟೆಯಲ್ಲಿ ಒಂದು ಮುಂಜಾವು

ಮೈಸೂರಿಗೆ ಬರುವ ಪ್ರವಾಸಿಗರು ಅರಮನೆಯನ್ನು ನೋಡುತ್ತಾರೆ, ಚಾಮುಂಡಿ ಬೆಟ್ಟವನ್ನು ಹತ್ತುತ್ತಾರೆ, ಮೃಗಾಲಯವನ್ನು ಸುತ್ತಿ ಹಿಂದಿರುಗುತ್ತಾರೆ. ಊರಿನ ಗೃಹಸ್ಥರಿಗೆ ಮಾತ್ರ ಮೈಸೂರೆಂದರೆ ಮೊದಲು ನೆನಪಾಗುವುದು ಸಯ್ಯಾಜಿರಾವ್ ರಸ್ತೆಯ ಮಗ್ಗುಲಲ್ಲಿ, ಚಿಕ್ಕ ಗಡಿಯಾರದಿಂದ ಧನ್ವಂತರಿ ರಸ್ತೆಯವರೆಗೆ ಉದ್ದಕ್ಕೆ ಚಾಚಿಕೊಂಡಿರುವ ದೇವರಾಜ ಮಾರುಕಟ್ಟೆ. ಮದುವೆಯ ಎಲೆಯಡಕೆ, ನಾಮಕರಣದ ಹೂವು, ಸೋಮವಾರದ ಬಿಲ್ವಪತ್ರೆ, ನಿತ್ಯದ ಸೊಪ್ಪು ಎಲ್ಲವೂ ಅಲ್ಲಿಂದಲೇ ಬರಬೇಕೆಂಬುದು ನಮ್ಮ ಮನೆಯಲ್ಲಿ ಮೂರು ತಲೆಮಾರುಗಳಿಂದ ನಡೆದುಬಂದ ಪದ್ಧತಿ. ಈಗ ಬಡಾವಣೆಗೊಂದು ತರಕಾರಿ ಅಂಗಡಿಯಿದೆ, ಕೈಯಲ್ಲಿರುವ ದೂರವಾಣಿಯನ್ನು ಒತ್ತಿದರೆ ಕೊತ್ತಂಬರಿ ಸೊಪ್ಪು ಕೂಡ ಬಾಗಿಲಿಗೆ ಬಂದು ನಿಲ್ಲುತ್ತದೆ. ಆದರೂ ವಾರಕ್ಕೊಮ್ಮೆ ಬಟ್ಟೆಯ ಚೀಲ ಹಿಡಿದು ಅತ್ತ ಹೋಗದಿದ್ದರೆ ನಮಗೆ ವಾರ ಕಳೆದಂತೆಯೇ ಆಗುವುದಿಲ್ಲ.

ಮಾರುಕಟ್ಟೆಗೆ ಹೋಗಲು ಬೇಸಿಗೆಯ ಮುಂಜಾವಿನಂತಹ ಹೊತ್ತು ಇನ್ನೊಂದಿಲ್ಲವೆಂದು ನಮ್ಮ ಅಭಿಪ್ರಾಯ. ಮಳೆಗಾಲದಲ್ಲಿ ಕಾಲಡಿಯ ಕೆಸರೇ ಗಮನವನ್ನೆಲ್ಲ ಸೆಳೆದುಕೊಳ್ಳುತ್ತದೆ. ದಸರೆಯ ದಿನಗಳಲ್ಲಿ ಜಂಬೂಸವಾರಿ ಸಾಗುವ ಬೀದಿಯೇ ಇದಾದ್ದರಿಂದ ಕಾಲಿಡಲೂ ಜಾಗವಿರುವುದಿಲ್ಲ. ಏಪ್ರಿಲ್ ತಿಂಗಳ ಆರೂವರೆಯ ಹೊತ್ತಿಗೆ ಬಿಸಿಲಿನ್ನೂ ಮಾಡುಗಳ ಮೇಲಿರುತ್ತದೆ, ನೆಲ ತಂಪಾಗಿರುತ್ತದೆ. ಮಲ್ಲಿಗೆಯೂ ಮಾವೂ ಒಟ್ಟಿಗೆ ಬರುವ ಕಾಲವೆಂದರೆ ಅದೊಂದೇ. ಬಸವ ಜಯಂತಿಗೆ ಇನ್ನೂ ವಾರವಿರುವಾಗ, ರಜೆಗೆಂದು ಬೆಂಗಳೂರಿನಿಂದ ಬಂದಿದ್ದ ಮೊಮ್ಮಗಳನ್ನು ಕರೆದುಕೊಂಡು ನಾವು ದಂಪತಿಗಳು ಅಂತಹದೊಂದು ಬೆಳಿಗ್ಗೆ ಹೊರಟೆವು. ಮಗುವಿಗೆ ಹನ್ನೊಂದು ವರ್ಷ. ತರಕಾರಿಯೆಂದರೆ ಪ್ಲಾಸ್ಟಿಕ್ ಹೊದಿಕೆಯೊಳಗೆ ಬೆಲೆಯ ಚೀಟಿ ಅಂಟಿಸಿಕೊಂಡು ಬರುವ ಪದಾರ್ಥವೆಂದೇ ಅದು ತಿಳಿದಿತ್ತು.

ವೈಸ್‌ರಾಯ್ ಡಫರಿನ್ 1886ರಲ್ಲಿ ಮೈಸೂರಿಗೆ ಬಂದುದರ ನೆನಪಿಗೆಂದು ನಿಲ್ಲಿಸಿದ ಗೋಪುರವೇ ನಮ್ಮ ಚಿಕ್ಕ ಗಡಿಯಾರ. ಅದರ ಸುತ್ತಮುತ್ತ, ಮಾರುಕಟ್ಟೆಯ ಬಾಗಿಲಿನ ಹೊರಗೆ, ಗೋಣಿತಾಟು ಹಾಸಿ ನೆಲದ ಮೇಲೆ ಕುಳಿತು ಮಾರುವವರಲ್ಲಿ ಹೆಚ್ಚಿನವರು ಸುತ್ತಣ ಹಳ್ಳಿಗಳ ಹೆಂಗಸರು. ಒಳಗಿನ ಮಳಿಗೆಗಳಿಗೆ ಸಂಖ್ಯೆಯಿದೆ, ಬಾಡಿಗೆಯಿದೆ, ಬೀಗವಿದೆ. ಹೊರಗೆ ಕುಳಿತವರಿಗಿರುವುದು ತಾಟಿನಗಲದ ಜಾಗ, ಅದೂ ಬೇಗ ಬಂದರೆ ಮಾತ್ರ. ನಾವು ಬಹುಕಾಲದಿಂದ ಸೊಪ್ಪು ಕೊಳ್ಳುವುದು ವರುಣದ ಕಡೆಯಿಂದ ಬರುವ ಒಬ್ಬ ವೃದ್ಧೆಯ ಬಳಿ. ದಂಟು, ಕೀರೆ, ಸಬ್ಬಸಿಗೆ, ಮೆಂತ್ಯ, ಹೊನಗೊನ್ನೆ, ಚಕ್ಕೋತಗಳನ್ನು ಆಕೆ ಬೇರೆಬೇರೆಯಾಗಿ ಒಡ್ಡಿ, ಮೇಲೆ ಒದ್ದೆಯ ಗೋಣಿ ಮುಚ್ಚಿರುತ್ತಾಳೆ. ಮಳೆ ಬಿದ್ದ ಮೇಲಾದರೆ ಗಣಿಕೆ, ಅಣ್ಣೆ ಮೊದಲಾದ ಹೊಲದ ಸೊಪ್ಪುಗಳನ್ನು ಕಲಸಿ ಮಸ್ಸೊಪ್ಪಿಗೆ ಬೆರಕೆ ಮಾಡಿ ಕೊಡುವುದೂ ಉಂಟು. ಹೊಲದಲ್ಲಿ ತಾನಾಗಿ ಹುಟ್ಟುವ ಈ ಸೊಪ್ಪುಗಳ ಹೆಸರು ನಮ್ಮ ಸೊಸೆಯಂದಿರಿಗೆ ತಿಳಿಯದು, ಯಾವ ಅಂಗಡಿಯ ಪಟ್ಟಿಯಲ್ಲಿಯೂ ಅವು ಕಾಣಿಸುವುದಿಲ್ಲ.

“ಬೆರಕೆ ಇಲ್ವಾ ಅಜ್ಜಿ?” ಎಂದು ನಮ್ಮ ಮನೆಯಾಕೆ ಕೇಳಿದರು.

“ಈ ಬಿಸ್ಲಲ್ಲಿ ಎಲ್ಲಿಂದ ತರ್ಲವ್ವಾ? ಒಂದು ಮಳೆ ಆಗ್ಲಿ, ನಿಮ್ಗೇ ಅಂತ ಎತ್ತಿಟ್ಟಿರ್ತೀನಿ.”

ದಂಟಿನ ಕಟ್ಟಿಗೆ ಹದಿನೈದು ಎಂದಳು. ಎರಡಕ್ಕೆ ಇಪ್ಪತ್ತೈದು ಎಂದಾಯಿತು. ಬಿಸಿಲಿಗೆ ನೀರಿಲ್ಲವೆಂದಳು, ಕಟ್ಟು ಸಣ್ಣದಾಗಿದೆಯೆಂದು ಇವರೆಂದರು. ಕೊನೆಗೆ ಇಪ್ಪತ್ತೈದಕ್ಕೇ ಒಪ್ಪಿ, ಮೇಲೆ ಒಂದು ಹಿಡಿ ಕರಿಬೇವು, ನಾಲ್ಕು ಎಸಳು ಕೊತ್ತಂಬರಿಯನ್ನು ತಾನಾಗಿಯೇ ಚೀಲಕ್ಕೆ ಹಾಕಿದಳು. ಮೊಮ್ಮಗಳು ಇದನ್ನೆಲ್ಲ ಜಗಳವೆಂದೇ ತಿಳಿದು ಹಿಂದೆ ಸರಿದು ನಿಂತಿದ್ದಳು. “ದುಡ್ಡು ಕಡಿಮೆ ಕೊಟ್ರೂ ಜಾಸ್ತಿ ಯಾಕೆ ಕೊಟ್ರು ಅಜ್ಜಿ?” ಎಂಬುದು ಅವಳ ಮೊದಲ ಪ್ರಶ್ನೆ. ಅದಕ್ಕೆ ಕೊಸರು ಎನ್ನುತ್ತಾರೆಂದು ಹೇಳಿದೆವು. ಆ ಶಬ್ದವನ್ನೇ ಅವಳು ಕೇಳಿರಲಿಲ್ಲ.

ಕೊಸರಿನ ವಿಚಾರವಾಗಿ ಎರಡು ಮಾತು ಹೇಳಬೇಕೆನಿಸುತ್ತದೆ. ಚೌಕಾಶಿ ಮಾಡುವುದು ಬಡವರ ಹೊಟ್ಟೆಯ ಮೇಲೆ ಹೊಡೆದಂತೆ ಎಂದು ವಾದಿಸುವ ವಿದ್ಯಾವಂತರಿದ್ದಾರೆ. ಗಾಜಿನ ಬಾಗಿಲಿನ ಅಂಗಡಿಯಲ್ಲಿ ಮುದ್ರಿಸಿದ ಬೆಲೆಯನ್ನು ತುಟಿಪಿಟಕ್ಕೆನ್ನದೆ ತೆತ್ತು, ಬೀದಿಗೆ ಬಂದು ನಿಂಬೆಹಣ್ಣಿನವಳೊಡನೆ ಎರಡು ರೂಪಾಯಿಗೆ ಹೋರಾಡುವವರನ್ನು ಕಂಡಾಗ ಆ ವಾದ ನಿಜವೆಂದೇ ತೋರುತ್ತದೆ. ಆದರೆ ಬೆಲೆಯನ್ನು ಯಾರೂ ಮುದ್ರಿಸಿ ಕಳುಹಿಸದ ಪದಾರ್ಥಕ್ಕೆ ಬೆಲೆ ಕಟ್ಟುವ ಬೇರೆ ಮಾರ್ಗವಾದರೂ ಯಾವುದು? ಆ ಬೆಳಗಿನ ಮಾತುಕತೆಯಲ್ಲಿ ಅವರ ಹೊಲದ ನೀರಿನ ಸ್ಥಿತಿ, ನಮ್ಮ ಮನೆಯ ಊಟದ ಎಲೆಗಳ ಸಂಖ್ಯೆ, ಮಗಳ ಬಾಣಂತನ, ಮಳೆಯ ನಿರೀಕ್ಷೆ ಎಲ್ಲವೂ ಬಂದುಹೋದವು. ಕೊಸರು ಹಾಕುವ ಅಧಿಕಾರ ಮಾರುವವಳದು. ಅದನ್ನು ಕೇಳಿ ಪಡೆಯುವುದಕ್ಕಿಂತ ಅವಳಾಗಿ ಹಾಕಿದಾಗಲೇ ಅದಕ್ಕೆ ಶೋಭೆ. ಹಾಗೆ ಹಾಕುವವಳು ನಮ್ಮನ್ನು ಗಿರಾಕಿಗಿಂತ ಹೆಚ್ಚಾಗಿ ಕಂಡಿದ್ದಾಳೆಂದೇ ಅರ್ಥ.

ಬಾಗಿಲು ದಾಟಿ ಒಳಗೆ ಹೋದರೆ ಹೂವಿನ ಸಾಲು. ಸೇವಂತಿಗೆ, ಕನಕಾಂಬರ, ಸುಗಂಧರಾಜ, ಮರುಗ, ದವನ ಎಲ್ಲ ಇದ್ದರೂ ಈ ಋತುವಿನಲ್ಲಿ ಅಲ್ಲಿ ಆಳುವುದು ಮಲ್ಲಿಗೆಯೇ. ಮೈಸೂರು ಮಲ್ಲಿಗೆಯ ಮೊಗ್ಗನ್ನು ನಸುಕಿನಲ್ಲಿ ಬಿಡಿಸಬೇಕು, ಸಂಜೆಗೆ ಅದು ಅರಳುತ್ತದೆ, ಮರುದಿನಕ್ಕೆ ಬಾಡುತ್ತದೆ. ಅದರ ಆಯುಷ್ಯವೆಲ್ಲ ಅಷ್ಟೇ ಆದುದರಿಂದ ಬೆಳಿಗ್ಗೆ ಏಳರ ಬೆಲೆ ಮಧ್ಯಾಹ್ನಕ್ಕೆ ಇರುವುದಿಲ್ಲ. ಮದುವೆಯ ಮುಹೂರ್ತವಿದ್ದ ದಿನ ಏರುತ್ತದೆ, ಇಲ್ಲದ ದಿನ ಇಳಿಯುತ್ತದೆ. ತೂಕ ಅಳತೆಗಳ ಕಾನೂನು 1956ರಲ್ಲಿಯೇ ಬಂದು, ಸೇರು, ಪಾವು, ಮಣಗಳೆಲ್ಲ ವ್ಯವಹಾರದಿಂದ ಮರೆಯಾದವು. ಆದರೆ ಕಟ್ಟಿದ ಹೂವನ್ನು ಇಂದಿಗೂ ಅಳೆಯುವುದು ಮಾರಿನಲ್ಲಿ, ಮೊಳದಲ್ಲಿ. ಅಂದರೆ ಮಾರುವವನ ತೋಳೇ ಅಳತೆಗೋಲು. ವರಮಹಾಲಕ್ಷ್ಮಿ ಹಬ್ಬ ಬಂದಾಗ ತೋಳುಗಳು ಗಿಡ್ಡವಾಗುತ್ತವೆಯೆಂದು ಗೃಹಿಣಿಯರು ನಗುತ್ತಾರೆ. ನಗುತ್ತಲೇ ಕೊಳ್ಳುತ್ತಾರೆ.

ಹೂವಿನ ಸಾಲಿನಾಚೆ ಗೋಪುರದಂತೆ ಒಟ್ಟಿದ ಕುಂಕುಮ, ಬಣ್ಣಗಳ ರಾಶಿ, ಊದುಬತ್ತಿ, ಅತ್ತರು. ವಿದೇಶದಿಂದ ಬಂದವರು ಛಾಯಾಚಿತ್ರ ತೆಗೆಯಲು ನಿಲ್ಲುವುದು ಇಲ್ಲಿಯೇ. ನಾವು ನಿಲ್ಲಲಿಲ್ಲ.

ನಿಂತದ್ದು ಬಾಳೆಹಣ್ಣಿನ ಮಂಡಿಯಲ್ಲಿ. ಏಲಕ್ಕಿ, ಪಚ್ಚಬಾಳೆ, ಚಂದ್ರಬಾಳೆಗಳ ಗೊನೆಗಳು ಹಗ್ಗಕ್ಕೆ ತೂಗಿದ್ದವು. ನಂಜನಗೂಡು ರಸಬಾಳೆಯಿದೆಯೇ ಎಂದು ವಿಚಾರಿಸಿದೆವು. ಒಂದು ಚಿಪ್ಪು ಇತ್ತು. ಸುಲಿದರೆ ತೆಳುವಾದ ಸಿಪ್ಪೆ, ಬಾಯಿಗಿಟ್ಟರೆ ಕರಗುವ ತಿರುಳು, ಕೋಣೆಯ ತುಂಬ ಹರಡುವ ಸುವಾಸನೆ. ನಂಜನಗೂಡಿನ ಬಳಿಯ ದೇವರಸನಹಳ್ಳಿಯ ಸುತ್ತಿನ ಕಪ್ಪು ಮಣ್ಣು ಈ ಹಣ್ಣಿಗೆ ತವರೆಂದು ಹೆಸರಾಗಿತ್ತು. ಪನಾಮಾ ಸೊರಗು ರೋಗ ಬಂದು ತೋಟಕ್ಕೆ ತೋಟವೇ ಒಣಗಿತು. ಈ ರೋಗಕ್ಕೆ ಕಾರಣವಾದ ಶಿಲೀಂಧ್ರ ಒಮ್ಮೆ ಮಣ್ಣನ್ನು ಸೇರಿದರೆ ದಶಕಗಟ್ಟಲೆ ಅಲ್ಲಿಯೇ ಉಳಿಯುವುದರಿಂದ, ಅದೇ ಹೊಲದಲ್ಲಿ ಮತ್ತೆ ರಸಬಾಳೆ ನೆಟ್ಟು ಗೆಲ್ಲುವುದು ಸುಲಭವಲ್ಲ. ರಸಬಾಳೆಗೂ, ಮೈಸೂರು ಮಲ್ಲಿಗೆಗೂ, ಮೈಸೂರು ವೀಳ್ಯದೆಲೆಗೂ 2000ದ ದಶಕದಲ್ಲಿ ಜಿ.ಐ. ಮಾನ್ಯತೆ ದೊರೆಯಿತು. ಅದು ಸಂತೋಷವೇ. ಆದರೆ ಮಾನ್ಯತೆಯ ಪತ್ರದಿಂದ ಗೊನೆ ಬಿಡುವುದಿಲ್ಲ, ಕೇಳಿ ಕೊಳ್ಳುವವರಿದ್ದರೆ ಮಾತ್ರ ರೈತ ಇನ್ನೊಂದು ಸಲ ಕಂದು ನೆಡಲು ಧೈರ್ಯ ಮಾಡುತ್ತಾನೆ. ಇದೇ ಮಾತು ವೀಳ್ಯದೆಲೆಗೂ ಸಲ್ಲುತ್ತದೆ. ವಿದ್ಯಾರಣ್ಯಪುರದ ಕಡೆ, ನಂಜನಗೂಡು ರಸ್ತೆಯ ಬದಿಯಲ್ಲಿ ಹಬ್ಬಿದ್ದ ಎಲೆತೋಟಗಳ ಜಾಗದಲ್ಲಿ ಈಗ ಮನೆಗಳೆದ್ದಿವೆ. ದುಂಡಗಿನ ಹಸಿರು ಬದನೆಗೆ ಹೆಸರು ಕೊಟ್ಟ ಈರನಗೆರೆಯೂ ಈಗ ಊರೊಳಗಿನ ಬಡಾವಣೆ. ಬದನೆಯನ್ನು ಮಾತ್ರ ಇಂದಿಗೂ ಈರನಗೆರೆ ಬದನೆಯೆಂದೇ ಕೂಗಿ ಮಾರುತ್ತಾರೆ.

ಮಾವಿನ ರಾಶಿಯ ಮುಂದೆ ಮೊಮ್ಮಗಳು ಕದಲದೆ ನಿಂತುಬಿಟ್ಟಳು. ರಾಮನಗರದ ಕಡೆಯ ಹಣ್ಣು ಮೊದಲು ಬರುತ್ತದೆ, ಕೋಲಾರ ಸೀಮೆಯದು ಮೇ ತಿಂಗಳಿಂದೀಚೆಗೆ. ಬಾದಾಮಿ, ರಸಪುರಿ, ಸೇಂದೂರ, ಮಲ್ಲಿಕಾಗಳನ್ನು ವ್ಯಾಪಾರಿ ಒಂದೊಂದಾಗಿ ಅವಳ ಮೂಗಿಗೆ ಹಿಡಿದು ಹೆಸರು ಹೇಳಿಸಿದ. ತಾಯಂದಿರಿಗೆ ಇಲ್ಲಿ ಒಂದು ಎಚ್ಚರಿಕೆ: ಕ್ಯಾಲ್ಸಿಯಂ ಕಾರ್ಬೈಡಿನಿಂದ ಹಣ್ಣು ಮಾಗಿಸುವುದು ಕಾನೂನಿನಲ್ಲಿ ನಿಷಿದ್ಧ. ಋತು ಹುಟ್ಟುವ ಮೊದಲೇ ಬಂದ, ಮೈಯೆಲ್ಲ ಒಂದೇ ಸಮನೆ ಹಳದಿಯಾಗಿ ವಾಸನೆಯೇ ಇಲ್ಲದ ಹಣ್ಣನ್ನು ಕಂಡರೆ ಅನುಮಾನಿಸುವುದು ಒಳ್ಳೆಯದು. ದೋರೆಗಾಯಿ ತಂದು ಹುಲ್ಲಿನಲ್ಲಿಟ್ಟು ಕಾಯುವುದು ಎಲ್ಲಕ್ಕಿಂತ ಲೇಸು. ಕಾಯುವ ವ್ಯವಧಾನವೇ ಮಕ್ಕಳಿಗಿಲ್ಲವೆನ್ನುವವರು ಒಮ್ಮೆ ಹುಲ್ಲಿನ ಮೇಲೆ ಮಾವು ಹರಡಿ ನೋಡಲಿ, ದಿನಕ್ಕೆ ಹತ್ತು ಸಲ ಮುಟ್ಟಿ ಕಾಯುತ್ತಾರೆ.

ಹಣ್ಣು ಕೊಂಡು ಧನ್ವಂತರಿ ರಸ್ತೆಯ ಕಡೆಯ ಬಾಗಿಲಿಗೆ ನಡೆದೆವು. ಈ ಭಾಗದಲ್ಲಿಯೇ 2016ರ ಆಗಸ್ಟ್‌ನಲ್ಲಿ ಕಟ್ಟಡದ ಒಂದು ಅಂಶ ಕುಸಿದದ್ದು. ಅದಕ್ಕೆ ನಾಲ್ಕು ವರ್ಷ ಹಿಂದೆ, 2012ರ ಆಗಸ್ಟ್‌ನಲ್ಲಿ, ಸಮೀಪದ ಲ್ಯಾನ್ಸ್‌ಡೌನ್ ಕಟ್ಟಡದ ಭಾಗವೊಂದು ಬಿದ್ದು ನಾಲ್ವರ ಪ್ರಾಣ ಹೋಗಿತ್ತು. ಆದ್ದರಿಂದ ಭಯ ಸುಳ್ಳೇನಲ್ಲ. ಹಳೆಯದನ್ನು ಕೆಡವಿ ಅದೇ ಮಾದರಿಯಲ್ಲಿ ಹೊಸದಾಗಿ ಕಟ್ಟಬೇಕೆಂದು ಕೆಲವರು, ಗಾರೆಯ ಕಟ್ಟಡವನ್ನು ಗಾರೆಯಿಂದಲೇ ದುರಸ್ತಿ ಮಾಡಿ ಉಳಿಸಬೇಕೆಂದು ಕೆಲವರು. ತಜ್ಞರೂ ಒಂದೇ ಮಾತನ್ನಾಡಲಿಲ್ಲ, ವಿವಾದ ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಗೋಡೆ ನಿಲ್ಲಬಲ್ಲದೇ ಇಲ್ಲವೇ ಎಂಬುದನ್ನು ಇಂಜಿನಿಯರರೇ ಹೇಳಬೇಕು. ನಮ್ಮ ಚಿಂತೆ ಬೇರೆ. ಕೆಡವಿದರೂ ದುರಸ್ತಿ ಮಾಡಿದರೂ ಮಳಿಗೆಯವರಿಗೆ ಎಲ್ಲೋ ಒಂದು ತಾತ್ಕಾಲಿಕ ಸ್ಥಳ ಕೇಳಲು ಸಂಖ್ಯೆಯಾದರೂ ಇದೆ. ಬಾಗಿಲ ಹೊರಗೆ ತಾಟು ಹಾಸಿದವರ ಹೆಸರು ಯಾವ ಪಟ್ಟಿಯಲ್ಲಿದೆ? ಬೀದಿ ವ್ಯಾಪಾರಿಗಳ ರಕ್ಷಣೆಗೆಂದು 2014ರಲ್ಲಿ ಕೇಂದ್ರದ ಕಾಯಿದೆಯೊಂದು ಬಂದಿದೆ. ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ನಡೆಸಿ, ವ್ಯಾಪಾರದ ಪ್ರಮಾಣಪತ್ರ ಕೊಡಬೇಕು, ಸಮೀಕ್ಷೆ ಮುಗಿಯುವವರೆಗೆ ಯಾರನ್ನೂ ಎಬ್ಬಿಸಕೂಡದು, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇಕಡ 40 ಮಂದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೆಯ ಒಂದು ಭಾಗ ಹೆಂಗಸರಿರಬೇಕು ಎಂದು ಅದರಲ್ಲಿ ಬರೆದಿದೆ. ನಮ್ಮ ಸೊಪ್ಪಿನ ವೃದ್ಧೆಯನ್ನು ಈ ಕುರಿತು ಕೇಳಿದ್ದೆವು. ಯಾರೋ ಒಂದು ಸಲ ಬಂದು ಹೆಸರು ಬರೆದುಕೊಂಡು ಹೋದರಂತೆ. ಅವತ್ತು ಆಕೆಯ ಜಾಗದಲ್ಲಿ ಕುಳಿತಿದ್ದವಳು ತಂಗಿಯಾದ್ದರಿಂದ ಬರೆದದ್ದು ತಂಗಿಯ ಹೆಸರು.

ಹಿಂದಿರುಗುವಾಗ ಮೊಮ್ಮಗಳಿಗೆ ಇನ್ನೊಂದು ಆಶ್ಚರ್ಯ ಕಾದಿತ್ತು. ನಿಂಬೆಹಣ್ಣಿನ ಬುಟ್ಟಿಯ ಅಂಚಿಗೂ ಕ್ಯೂ.ಆರ್. ಕೋಡಿನ ರಟ್ಟು ಸಿಕ್ಕಿಸಿದ್ದರು. ಹಣ ಸಂದಾಯವಾದೊಡನೆ ಸಣ್ಣ ಪೆಟ್ಟಿಗೆಯೊಂದು ಮೊತ್ತವನ್ನು ಕೂಗಿ ಹೇಳಿತು. 2025ರ ಜುಲೈನಲ್ಲಿ ತೆರಿಗೆಯ ನೋಟೀಸುಗಳ ಸುದ್ದಿ ಹಬ್ಬಿ ರಾಜ್ಯದ ಅನೇಕ ಸಣ್ಣ ಅಂಗಡಿಗಳು ಈ ರಟ್ಟುಗಳನ್ನು ಕಿತ್ತು ‘ನಗದು ಮಾತ್ರ’ ಎಂದು ಬರೆದು ತೂಗುಹಾಕಿದ್ದವು. ತಾಜಾ ತರಕಾರಿಗೆ ಜಿ.ಎಸ್.ಟಿ. ಇಲ್ಲವೆಂಬುದನ್ನು ಅವರಿಗೆ ಬಿಡಿಸಿ ಹೇಳುವವರು ಬೇಕಾಗಿತ್ತು. ಓದಿದ ಮಕ್ಕಳಿರುವ ನಮ್ಮ ಮನೆಗಳು ಗೊತ್ತಿರುವ ವ್ಯಾಪಾರಿಗಳಿಗೆ ಮಾಡಬಹುದಾದ ಉಪಕಾರಗಳಲ್ಲಿ ಇದೂ ಒಂದು. ಸಮೀಕ್ಷೆಯ ಅರ್ಜಿಯನ್ನು ತುಂಬಿಕೊಡುವುದು ಇನ್ನೊಂದು. ತಂಗಿಯ ಹೆಸರಿನ ಪಕ್ಕದಲ್ಲಿ ಅಕ್ಕನ ಹೆಸರೂ ಬರಬೇಕಾದರೆ ಏನು ಮಾಡಬೇಕೆಂದು ವಿಚಾರಿಸುವ ಕೆಲಸವನ್ನು ನಾವು ಹೊತ್ತುಕೊಂಡಿದ್ದೇವೆ. ಆಧಾರ್ ಚೀಟಿಯ ಪ್ರತಿಯೊಂದನ್ನು ತರಲು ಆಕೆಗೆ ಹೇಳಿಯಾಗಿದೆ.

ಗಡಿಯಾರದ ಬಳಿಗೆ ಬರುವಷ್ಟರಲ್ಲಿ ಒಂಬತ್ತೂವರೆ. ನೆರಳು ಗೋಡೆಗಂಟಿತ್ತು, ಡಾಂಬರು ಕಾಯತೊಡಗಿತ್ತು. ವೃದ್ಧೆ ಗೋಣಿಗೆ ಕೊನೆಯ ಸಲ ನೀರು ಚಿಮುಕಿಸಿ, ಉಳಿದ ಮೂರು ಕಟ್ಟು ಸಬ್ಬಸಿಗೆಯನ್ನು ನಮ್ಮ ಕಡೆ ನೂಕಿದಳು.

“ತಗೊಂಡೋಗವ್ವಾ, ಇಪ್ಪತ್ತು ಕೊಡು. ನಂಗೆ ಟಿಕೆಟ್ ಇಲ್ಲ, ಮೂಟೆಗೆ ಮಾತ್ರ ಲಗೇಜು ಕೇಳ್ತಾರೆ. ಮೂಟೆ ಖಾಲಿಯಾದ್ರೆ ಅದೂ ಇಲ್ಲ.”

2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾದ ಮೇಲೆ ಆಕೆ ವಾರಕ್ಕೆ ಮೂರು ದಿನದ ಬದಲು ಐದು ದಿನ ಬರುತ್ತಿದ್ದಾಳೆ. ಈ ಸಲ ಮೊಮ್ಮಗಳೇ ಮುಂದಾಗಿ, “ಮೂವತ್ತು ಕೊಡೋಣ ಅಜ್ಜಿ” ಎಂದಳು. ವೃದ್ಧೆ ಇಪ್ಪತ್ತಕ್ಕೆ ಮೇಲೆ ಒಂದು ರೂಪಾಯಿಯನ್ನೂ ತೆಗೆದುಕೊಳ್ಳಲಿಲ್ಲ. ಸೆರಗಿನ ಗಂಟಿನಿಂದ ಒಂದು ಸಣ್ಣ ದೋರೆ ಮಾವಿನಕಾಯನ್ನು ಬಿಚ್ಚಿ ಮಗುವಿನ ಕೈಗಿಟ್ಟು, ತಾಟು ಕೊಡವಿ ಮಡಚತೊಡಗಿದಳು.