ಲೂಸ್ ಕನೆಕ್ಷನ್

ಪೂರ್ತಿ ಕೆಟ್ಟುಹೋದ ವಸ್ತುವಿನಷ್ಟು ಪ್ರಾಮಾಣಿಕವಾದದ್ದು ಈ ಲೋಕದಲ್ಲಿ ಬೇರೊಂದಿಲ್ಲ. ಒಡೆದ ಕೊಡ ಒಡೆದೇ ಇರುತ್ತದೆ. ಕಿತ್ತುಹೋದ ಚಪ್ಪಲಿ, ಹೊಲಿಯುವವನ ಮುಂದೆ ಇಟ್ಟಾಗಲೂ ಕಿತ್ತೇ ಇರುತ್ತದೆ. ಸುಟ್ಟ ಬಲ್ಬು ಯಾರು ಬಂದು ನೋಡಿದರೂ ಸುಟ್ಟ ಬಲ್ಬೇ. ನಮ್ಮನ್ನು ಪೇಚಿಗೆ ಸಿಕ್ಕಿಸುವುದು ಅರ್ಧ ಕೆಟ್ಟ ವಸ್ತುಗಳು. ರಾತ್ರಿಯೆಲ್ಲ ರಚ್ಚೆ ಹಿಡಿದು ಅತ್ತು, ಬೆಳಿಗ್ಗೆ ಡಾಕ್ಟರರ ಎದುರು ಕಿಲಕಿಲ ನಗುವ ಕೂಸಿನಂತೆ ಅವು ನಮ್ಮ ಮಾನ ಕಳೆಯುತ್ತವೆ. ಕೆಟ್ಟಿದೆ ಎಂದವರೇ ಸುಳ್ಳರಾಗುತ್ತಾರೆ.

ನನ್ನ ಸ್ಕೂಟರು ನನ್ನನ್ನು ಹೀಗೆ ಸುಮಾರು ಮೂರು ತಿಂಗಳು ಸುಳ್ಳಿ ಮಾಡಿತು.

ನಮ್ಮೂರು ಅಫಜಲಪುರ ತಾಲ್ಲೂಕಿನ ಕರಜಗಿ. ಭೀಮಾ ನದಿಯ ಸೀಮೆ, ಎರೆಮಣ್ಣಿನ ನೆಲ. ಬೇಸಿಗೆಯಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುವುದು ಇಲ್ಲಿ ಸುದ್ದಿಯಲ್ಲ. ನಾನು ಕಲಿಸುವ ಹೈಸ್ಕೂಲು ಇರುವುದು ಬೇರೆ ಹಳ್ಳಿಯಲ್ಲಿ. ಅಲ್ಲಿಗೆ ಹೋಗುವ ಮೊದಲ ಬಸ್ಸು ಮುಟ್ಟುವ ಹೊತ್ತಿಗೆ ಒಂಬತ್ತು ದಾಟಿರುತ್ತದೆ. ಹತ್ತನೆಯ ತರಗತಿಯ ಮಕ್ಕಳಿಗೆ ಬೆಳಿಗ್ಗೆ ಏಳೂವರೆಗೆ ವಿಶೇಷ ತರಗತಿ ಇಟ್ಟುಕೊಂಡವಳಿಗೆ ಬಸ್ಸು ನೆಚ್ಚಿಕೊಂಡರೆ ಆಗುವುದಿಲ್ಲ. ಆದ್ದರಿಂದ ಸ್ಕೂಟರು.

ನಾನು ಚಿಕ್ಕವಳಿದ್ದಾಗ ಸ್ಕೂಟರೆಂದರೆ ಗಂಡಸರ ಆಸ್ತಿ. 1972ರಲ್ಲಿ ಬಂದ ಬಜಾಜ್ ಚೇತಕ್‌ಗೆ ಹಣ ಕಟ್ಟಿ ಜನ ವರ್ಷಗಟ್ಟಲೆ ಕಾಯುತ್ತಿದ್ದ ಕಾಲವದು. ಅದನ್ನು ಒಂದು ಬದಿಗೆ ವಾಲಿಸಿ, ಕಿಕ್ ಹೊಡೆದು ಶುರು ಮಾಡುವುದು ಸೀರೆ ಉಟ್ಟವರಿಗೆ ಒಗ್ಗುವ ಕೆಲಸವಾಗಿರಲಿಲ್ಲ. 1984ರಲ್ಲಿ ಕೈನೆಟಿಕ್ ಹೊಂಡಾ ಬಂದ ಮೇಲೆ ಗೇರಿಲ್ಲದ, ಗುಂಡಿ ಒತ್ತಿದರೆ ಹೊರಡುವ ಸ್ಕೂಟರು ನಮ್ಮ ದೇಶದಲ್ಲಿ ರೂಢಿಗೆ ಬಂತು. ಹಳ್ಳಿಗಳ ಟೀಚರರು, ನರ್ಸಮ್ಮಗಳು, ಅಂಗನವಾಡಿಯವರು ಯಾರ ದಾರಿಯನ್ನೂ ಕಾಯದೆ ಓಡಾಡುವಂತಾದದ್ದರಲ್ಲಿ ಆ ಗುಂಡಿಯ ಪಾಲು ಸಣ್ಣದಲ್ಲ. ನಾನು ನನ್ನ ಗಾಡಿ ಕೊಂಡದ್ದು 2013ರಲ್ಲಿ, ನನ್ನದೇ ಸಂಬಳದಲ್ಲಿ. ಒಂಬತ್ತು ವರ್ಷ ಅದು ಒಂದು ಮಾತೂ ಆಡಿಸಿಕೊಳ್ಳಲಿಲ್ಲ.

2022ರ ದಸರೆ ಮುಗಿದ ಮೇಲೆ ಶುರುವಾಯಿತು ನೋಡಿ. ಹೋಗುತ್ತಾ ಹೋಗುತ್ತಾ ಇಂಜಿನ್ನು ತಟ್ಟನೆ ನಿಂತುಬಿಡುವುದು. ಪೆಟ್ರೋಲು ಮುಗಿದಾಗ ಆಗುವಂತೆ ಕೆಮ್ಮಿ, ಮುಗ್ಗರಿಸಿ ನಿಲ್ಲುವುದಲ್ಲ. ಯಾರೋ ಕೀಲಿ ತಿರುವಿ ಆರಿಸಿದ ಹಾಗೆ. ಬದಿಗೆ ತಳ್ಳಿ, ನಿಲ್ಲಿಸಿ, ಸೆರಗಿನಿಂದ ಬೆವರು ಒರೆಸಿಕೊಂಡು ಮತ್ತೆ ಗುಂಡಿ ಒತ್ತಿದರೆ ಏನೂ ಆಗಿಲ್ಲವೆಂಬಂತೆ ಶುರು! ಒಂದು ವಾರ ಸುಮ್ಮನಿರುವುದು, ಮತ್ತೆ ಒಂದೇ ದಿನ ಎರಡು ಸಲ ನಿಲ್ಲುವುದು.

ಮೆಕ್ಯಾನಿಕ್ಕನ ಹತ್ತಿರ ಒಯ್ದೆ. ಒಳ್ಳೆಯ ಹುಡುಗ, ಶ್ರದ್ಧೆಯವನು. ಗಾಡಿಯನ್ನು ನಡು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಅರ್ಧ ತಾಸು ಇಂಜಿನ್ನು ಓಡಿಸಿದ. ನಿಲ್ಲಲಿಲ್ಲ. ಮೊದಲ ಸಲ ಪ್ಲಗ್ಗು ಬದಲಿಸಿದ, ಎರಡನೆಯ ಸಲ ಕಾಯಿಲ್ಲು, ಮೂರನೆಯ ಸಲ ಸಿಡಿಐ ಎಂಬ ಡಬ್ಬಿ. ಒಟ್ಟು 3,400 ರೂಪಾಯಿ ಹೋಯಿತು. ನಾಲ್ಕನೆಯ ಸಲ ಅವನೇ ಸೋತು, "ಮೇಡಂ, ಗಾಡಿ ಪೂರಾ ಓಕೆ ಅದರಿ. ನಿಮಗs ಹಂಗ ಅನಸ್ತದ" ಎಂದ.

ಮನೆಯಲ್ಲಿಯೂ ಅದೇ ರಾಗ. ಮೈದುನ, "ವೈನಿ, ಈ ವಯಸ್ಸಿನಾಗ ಇದೆಲ್ಲ ಯಾಕ್ರಿ? ಬಸ್ಸಿಗಿ ಹೋಗ್ರಿ" ಎಂದ. ಪುಣೆಯಲ್ಲಿರುವ ಮಗ ಫೋನಿನಲ್ಲಿ, "ಮಾರಿಬಿಡವ್ವ" ಎಂದ. ಗಾಡಿ ಕೆಟ್ಟಿದೆ ಎಂಬ ಮಾತು ಬರಬರುತ್ತ ನನಗೆ ಗಾಡಿ ಹೊಡೆಯಲು ಬರುವುದಿಲ್ಲ ಎಂಬ ಮಾತಾಗಿ ಮಾರ್ಪಟ್ಟಿತು. ನಡುವಯಸ್ಸು ದಾಟಿದ ಹೆಂಗಸಿನ ಯಾವ ದೂರಿಗೂ ಕೊನೆಗೆ ಇದೇ ಗತಿ ಎಂಬುದನ್ನು ನನ್ನ ಓರಗೆಯವರು ಬಲ್ಲರು.

ಡಿಸೆಂಬರಿನ ಒಂದು ಸಂಜೆ ಮಾತ್ರ ನಾನು ಹೆದರಿದೆ. ಕಬ್ಬಿನ ಕಾಲ. ಎರಡೆರಡು ಟ್ರೇಲರು ಕಟ್ಟಿಕೊಂಡ ಟ್ರ್ಯಾಕ್ಟರುಗಳು ಕಾರ್ಖಾನೆಯ ಕಡೆ ಸಾಲಾಗಿ ಹೊರಟಿದ್ದವು. ಮುಖ್ಯ ರಸ್ತೆಯಿಂದ ಎಡಕ್ಕೆ ಹೊರಳುವಾಗ ಗಾಡಿ ನಿಂತಿತು. ಹಾರ್ನು ಒತ್ತಿದೆ, ಅದೂ ಸತ್ತಿತ್ತು. ಹಿಂದೆ ಬಂದ ಟ್ರ್ಯಾಕ್ಟರಿನವನು ಹೇಗೆ ಬ್ರೇಕು ಹಿಡಿದನೋ ದೇವರೇ ಬಲ್ಲ. ಅವನು ಬೈದ; ಬೈಯುವುದು ಅವನ ಹಕ್ಕು. ನಾನು ಗಾಡಿ ತಳ್ಳಿಕೊಂಡು ಬದಿಗೆ ಬಂದೆ. ಅಲ್ಲೇ ಒಂದು ವಿಷಯ ಹೊಳೆಯಿತು: ಇಂಜಿನ್ನು ನಿಂತರೆ ಹಾರ್ನು ಯಾಕೆ ಸಾಯಬೇಕು? ಹಾರ್ನು ಊದುವುದು ಬ್ಯಾಟರಿಯಿಂದ.

ಮನೆಗೆ ಬಂದು ಒಂದು ಹಳೆಯ ಹಾಜರಿ ಪುಸ್ತಕ ತೆಗೆದೆ. ಮೂವತ್ತು ವರ್ಷ ಹಾಜರಿ ಹಾಕಿದ ಕೈಗೆ ಬೇರೆ ಉಪಾಯ ಎಲ್ಲಿಂದ ಹೊಳೆಯಬೇಕು? ದಿನಾಂಕ, ಹೊತ್ತು, ಗಾಡಿ ಎಷ್ಟು ದೂರ ಓಡಿತ್ತು, ಬಿಸಿಲೋ ಮಂಜೋ, ರಸ್ತೆ ನೇರವೋ ತಿರುವೋ, ಹಾರ್ನು ಊದಿತೋ ಇಲ್ಲವೋ ಎಂದು ಗೆರೆ ಎಳೆದು ಮನೆಗಳನ್ನು ಮಾಡಿದೆ. ಇನ್ನು ಮೇಲೆ ಏನನ್ನೂ ಬದಲಿಸುವುದಿಲ್ಲ, ಬರೆಯುವುದಷ್ಟೇ ಎಂದು ನಿಶ್ಚಯಿಸಿದೆ. ತಿರುವು ಬಂದಾಗ ಮಾತ್ರ ಹಿಂದೆ ಯಾರೂ ಇಲ್ಲವೆಂದು ನೋಡಿಕೊಂಡು ಹೊರಳುತ್ತಿದ್ದೆ. ಕತ್ತಲಾದ ಮೇಲೆ ಗಾಡಿ ಹೊರಗೆ ತೆಗೆಯಲಿಲ್ಲ.

ಆಗೊಮ್ಮೆ ಈಗೊಮ್ಮೆ ಬರುವ ಕರೆಂಟಿನ ದೋಷಕ್ಕೆ ಕಾರಣಗಳು ನೂರಿದ್ದರೂ, ಆಮೇಲೆ ನಾನು ತಿಳಿದುಕೊಂಡಂತೆ, ಅವುಗಳ ಮನೆತನಗಳು ನಾಲ್ಕೇ. ಮೊದಲನೆಯದು ಬಿಸಿ. ಕಾಯಿಲ್ಲಿನ ಒಳಗೆ ಕೂದಲೆಳೆಯ ತಂತಿ ಬಿರಿದಿದ್ದರೆ, ಕಾದಾಗ ಹಿಗ್ಗಿ ಬಿಟ್ಟುಕೊಳ್ಳುತ್ತದೆ, ಆರಿದಾಗ ಕೂಡಿಕೊಳ್ಳುತ್ತದೆ. ಇಂಥ ಗಾಡಿ ಅರ್ಧ ತಾಸು ಓಡಿದ ಮೇಲೇ ನಿಲ್ಲುತ್ತದೆ, ಆರಲು ಬಿಟ್ಟರೇ ಏಳುತ್ತದೆ. ಎರಡನೆಯದು ನೀರು. ಪ್ಲಗ್ಗಿನ ಟೋಪಿ ಸೀಳಿದ್ದರೆ ಮಳೆಯಲ್ಲಿ, ತೊಳೆದ ದಿನ ಕಿಡಿ ದಾರಿ ತಪ್ಪಿ ಲೋಹದ ಮೈಗೆ ಹಾರುತ್ತದೆ. ಮೂರನೆಯದು ಕುಲುಕು. ಬ್ಯಾಟರಿಯ ತುದಿಯ ತಿರುಪು ಸಡಿಲಾಗಿದ್ದರೆ, ಫ್ಯೂಸಿನ ಮನೆಯಲ್ಲಿ ಹಸಿರು ಕಿಲುಬು ಹಿಡಿದಿದ್ದರೆ, ಅರ್ಥಿಂಗ್ ಬೋಲ್ಟಿನ ಕೆಳಗೆ ತುಕ್ಕು ಕೂತಿದ್ದರೆ ಗುಂಡಿ ಬಂದಲ್ಲೆಲ್ಲ ಗಾಡಿ ಮುಗ್ಗರಿಸುತ್ತದೆ. ನಾಲ್ಕನೆಯದು ತಿರುವು. ವೈರು ಎಲ್ಲಿ ದಿನಕ್ಕೆ ನೂರು ಸಲ ಬಾಗುತ್ತದೆಯೋ ಅಲ್ಲಿ, ಮೇಲಿನ ರಬ್ಬರು ಸರಿಯಿದ್ದರೂ, ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ಕಡಿಯುತ್ತವೆ. ಪುಸ್ತಕದಲ್ಲಿ ಬರೆದರೆ ದೋಷ ಯಾವ ಮನೆತನದ್ದೆಂದು ತಾನೇ ಹೇಳುತ್ತದೆ. ಬರೆಯದಿದ್ದರೆ ಪ್ರತಿ ಸಲವೂ ಹೊಸದು.

ಇಪ್ಪತ್ಮೂರು ದಿನಗಳಲ್ಲಿ ಹನ್ನೊಂದು ಸಲ ನಿಂತಿತು. ಬಿಸಿಲಿನಲ್ಲೂ ನಿಂತಿತ್ತು, ಬೆಳಗಿನ ಥಂಡಿಯಲ್ಲೂ ನಿಂತಿತ್ತು; ಅಲ್ಲಿಗೆ ಬಿಸಿಯ ಮಾತು ಬಿತ್ತು. ಮಳೆ ಇರಲಿಲ್ಲ. ಹನ್ನೊಂದರಲ್ಲಿ ಎರಡು ಸಲ ತಗ್ಗಿನಲ್ಲಿ ಕುಲುಕಿದಾಗ. ಉಳಿದ ಒಂಬತ್ತೂ ಸಲ ಎಡಕ್ಕೆ ಹೊರಳಿದಾಗ! ಶಾಲೆಯ ಗೇಟು, ಹಿಟ್ಟಿನ ಗಿರಣಿಯ ಮೂಲೆ, ನಮ್ಮ ಓಣಿಯ ಬಾಯಿ, ಎಲ್ಲವೂ ಎಡ ತಿರುವು. ಬಲಕ್ಕೆ ಹೊರಳಿದಾಗ ಒಮ್ಮೆಯೂ ಇಲ್ಲ. ಹನ್ನೊಂದೂ ಸಲ ಹಾರ್ನು ಸತ್ತಿತ್ತು.

ಪುಸ್ತಕ ಹಿಡಿದುಕೊಂಡು ಕಲಬುರಗಿಗೆ ಹೋದೆ. ಅಲ್ಲಿ ವೈರಿಂಗ್ ಕೆಲಸವನ್ನಷ್ಟೇ ಮಾಡುವ ಎಪ್ಪತ್ತು ದಾಟಿದ ಮಿಸ್ತ್ರಿ ಒಬ್ಬರಿದ್ದಾರೆ. ಕನ್ನಡಕ ಏರಿಸಿಕೊಂಡು ನನ್ನ ಪುಸ್ತಕವನ್ನು ಅವರು ಓದಿದ ಬಗೆ ನೋಡಿ, ಪರೀಕ್ಷೆಯ ಉತ್ತರ ಪತ್ರಿಕೆಯನ್ನು ನಾವು ಇಷ್ಟು ನಿಧಾನ ಓದುತ್ತೇವೆಯೇ ಎನಿಸಿತು. ಗಾಡಿಯನ್ನು ಇನ್ನೂ ಮುಟ್ಟಿರಲಿಲ್ಲ. "ಹಾರ್ನೂ ಸಾಯ್ತದ, ಇಂಜಿನ್ನೂ ಸಾಯ್ತದ. ಹಂಗಾದ್ರ ಎರಡಕ್ಕೂ ಕರೆಂಟ್ ಬರೋ ದಾರ್ಯಾಗs ತಪ್ಪ ಅದ. ಪ್ಲಗ್ ಬದಲಿ ಮಾಡಿದ್ರ ಏನಾಗ್ತದ ತಂಗೆವ್ವ?" ಎಂದರು.

ಹಳೆಯ ಚೇತಕ್‌ಗಳು ಬ್ಯಾಟರಿ ಇಲ್ಲದೆಯೂ ಓಡುತ್ತಿದ್ದವಂತೆ. ಇಂಜಿನ್ನು ತಿರುಗುವಾಗ ಮ್ಯಾಗ್ನೆಟೋ ತಾನೇ ಕಿಡಿಯ ಕರೆಂಟು ಹುಟ್ಟಿಸುತ್ತಿತ್ತು. ನನ್ನ ಗಾಡಿಯಲ್ಲಿ ಕಿಡಿಗೂ ಬ್ಯಾಟರಿಯೇ ಗತಿ. ಬ್ಯಾಟರಿಯಿಂದ ಹೊರಟ ಕರೆಂಟು ಫ್ಯೂಸು ದಾಟಿ, ಕೀಲಿಯ ಮನೆ ಹೊಕ್ಕು, ಅಲ್ಲಿಂದ ಕವಲೊಡೆದು ಒಂದು ಕಡೆ ಕಿಡಿಗೆ, ಇನ್ನೊಂದು ಕಡೆ ಹಾರ್ನಿಗೆ ಹೋಗುತ್ತದೆ. ಕವಲು ಒಡೆಯುವ ಮುಂಚೆ ಎಲ್ಲೋ ದಾರಿ ಕಡಿಯುತ್ತಿತ್ತು.

ಅವರು ಗಾಡಿಯನ್ನು ನಡು ಸ್ಟ್ಯಾಂಡಿಗೆ ಹಾಕಿ, ಶುರು ಮಾಡಿ, ಹ್ಯಾಂಡಲ್ಲನ್ನು ಮೆಲ್ಲಗೆ ಎಡಕ್ಕೆ ತಿರುವಿದರು. ಪೂರ್ತಿ ತಿರುವಿದಾಗ ಇಂಜಿನ್ನು ಸತ್ತಿತು. ನೇರ ಮಾಡಿದಾಗ ಗುಂಡಿ ಒತ್ತಿದರೆ ಬದುಕಿತು. ಮೂರು ಸಲ ಹೀಗೆ ಮಾಡಿ ತೋರಿಸಿದರು. ಮೂರು ತಿಂಗಳಲ್ಲಿ ಮೊದಲ ಬಾರಿಗೆ ನನ್ನ ಗಾಡಿ ಇನ್ನೊಬ್ಬರ ಕಣ್ಣೆದುರು ನಿಂತಿತು. ನಿಜ ಹೇಳಬೇಕೆಂದರೆ ನನ್ನ ಕಣ್ಣು ತೇವವಾದವು. "ನಿಂತ ಗಾಡಿ ನೋಡಿದ್ರ ನಿಂತಾಗಿನ ರೋಗ ಸಿಗ್ತದ. ತಿರುಗಿದಾಗಿನ ರೋಗ ತಿರುವಿನೇ ನೋಡಬೇಕು" ಎಂದರು ಮಿಸ್ತ್ರಿ.

ಮುಂದಿನ ಹೊದಿಕೆ ಬಿಚ್ಚಿದರು. ಅಲ್ಲಿದ್ದ ಅವರ ಮೊಮ್ಮಗ ಮಲ್ಟಿಮೀಟರು ಹಚ್ಚಿ, ಹ್ಯಾಂಡಲ್ಲು ನೇರವಿದ್ದಾಗ ಕೀಲಿಯ ಮನೆಯಿಂದ ಬರುವ ವೈರಿನಲ್ಲಿ ಹನ್ನೆರಡು ವೋಲ್ಟು ಸರಿಯಾಗಿ ಇದೆ ಎಂದ. ಮುದುಕರು ನಕ್ಕು, ಹೆಡ್‌ಲೈಟಿನ ಮೂವತ್ತೈದು ವ್ಯಾಟಿನ ಹಳೆಯ ಬಲ್ಬಿಗೆ ಎರಡು ವೈರು ಕಟ್ಟಿ ಅದೇ ಜಾಗಕ್ಕೆ ಹಚ್ಚಿದರು. ಬ್ಯಾಟರಿಗೆ ನೇರ ಹಚ್ಚಿದಾಗ ಬೆಳ್ಳಗೆ ಉರಿದ ಬಲ್ಬು ಇಲ್ಲಿ ಕಾಮಾಲೆ ಬಂದಂತೆ ಹಳದಿಯಾಗಿ ಉರಿಯಿತು. "ಮೀಟರಿಗಿ ಕೆಲಸಿಲ್ಲ, ಸುಮ್ನ ನೋಡಿ ಹೇಳ್ತದ. ಬಲ್ಬಿಗಿ ಕರೆಂಟ್ ಬೇಕು. ಕೆಲಸ ಕೊಟ್ರ ಖರೆ ಗೊತ್ತಾಗ್ತದ" ಎಂದು ಮೊಮ್ಮಗನಿಗೆ ಪಾಠ ಹೇಳಿದರು. ಮೀಟರು ಎಳೆದುಕೊಳ್ಳುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ, ಬಲ್ಬು ಎಳೆದುಕೊಳ್ಳುವುದು ಸುಮಾರು ಮೂರು ಆಂಪಿಯರು. ಜೇಡರ ಬಲೆಯಂಥ ಸಂಪರ್ಕವಿದ್ದರೂ ಮೀಟರಿಗೆ ಸಾಕು, ಬಲ್ಬಿಗೆ ಸಾಲದು.

ರಬ್ಬರು ಸೀಳಿದಾಗ ಕಂಡಿತು. ಒಳಗಿನ ಎಳೆಗಳೆಲ್ಲ ತುಂಡಾಗಿ, ಕಪ್ಪಾದ ತುದಿಗಳು ಬರೀ ಒಂದನ್ನೊಂದು ತಾಕಿಕೊಂಡಿದ್ದವು. ಹ್ಯಾಂಡಲ್ಲಿಗೆ ಹೋಗುವ ದಪ್ಪ ವೈರಿನ ಕಟ್ಟನ್ನೂ ಕೀಲಿಯ ವೈರನ್ನೂ ಒಂದೇ ಪಟ್ಟಿಯಲ್ಲಿ ಬಿಗಿದಿದ್ದರಿಂದ, ಎಡಕ್ಕೆ ತಿರುವಿದಾಗಲೆಲ್ಲ ದೊಡ್ಡದು ಸಣ್ಣದನ್ನು ಜಗ್ಗುತ್ತಿತ್ತು. ಜೊತೆಗೆ ಎಲ್ಲರ ಮನೆಯಲ್ಲೂ ಮಾಡುವಂತೆ ರಾತ್ರಿ ಹ್ಯಾಂಡಲ್ಲನ್ನು ಎಡಕ್ಕೆ ತಿರುವಿಯೇ ಲಾಕು ಮಾಡುವುದು. ಒಂಬತ್ತು ವರ್ಷ ರಾತ್ರಿಯೆಲ್ಲ ಆ ವೈರು ಸೆಟೆದುಕೊಂಡೇ ನಿಂತಿತ್ತು. ಕೆಟ್ಟ ಭಾಗ ಕತ್ತರಿಸಿ, ಹೊಸ ತುಂಡು ಬೆಸುಗೆ ಹಾಕಿ, ಕೊಳವೆ ಏರಿಸಿ, ಸಡಿಲಾಗಿ ಬೇರೆ ದಾರಿಯಲ್ಲಿ ಕಟ್ಟಿದರು. ತೆಗೆದುಕೊಂಡದ್ದು 150 ರೂಪಾಯಿ. ಅಂದಿನಿಂದ ಗಾಡಿ ನಿಂತಿಲ್ಲ.

2020ರ ಏಪ್ರಿಲಿನಿಂದ ಬರುತ್ತಿರುವ ಹೊಸ ಗಾಡಿಗಳಲ್ಲಿ ಕಂಪ್ಯೂಟರಿನ ತುಣುಕೊಂದಿದ್ದು, ಅದು ದೋಷಗಳನ್ನು ತಾನೇ ಗುರುತಿಟ್ಟುಕೊಂಡು ದೀಪ ಹಚ್ಚಿ ಹೇಳುತ್ತದೆ. ಒಳ್ಳೆಯದೇ. ಆದರೆ ಆ ತುಣುಕಿಗೇ ಕರೆಂಟು ತರುವ ವೈರು ಕಡಿದರೆ ಅದು ಯಾರ ಹತ್ತಿರ ಹೇಳಿಕೊಳ್ಳಬೇಕು?

ಗಾಡಿಯ ಕಥೆ ಇಷ್ಟೇ. ಆದರೆ ಆ ಪುಸ್ತಕದಲ್ಲಿ ಇನ್ನೂ ಹಾಳೆಗಳು ಉಳಿದಿದ್ದವು.

ಅದೇ ವರ್ಷ ನಮ್ಮ ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಪಾಠ ಓದುತ್ತ ಓದುತ್ತ ಒಮ್ಮೆಲೇ ನಿಲ್ಲುವಳು, ಶೂನ್ಯ ನೋಡುವಳು, ಎಣಿಸಿ ಹತ್ತು ಎನ್ನುವಷ್ಟರಲ್ಲಿ ಎಚ್ಚತ್ತು ಬೇರೆಲ್ಲಿಂದಲೋ ಓದುವಳು. "ಧ್ಯಾನ ಎಲ್ಲದ?" ಎಂದು ಬೈಸಿಕೊಳ್ಳುವಳು. ಗಾಳಿ ಸೋಕಿದೆ ಎಂದು ಅಜ್ಜಿ ತಾಯಿತ ಕಟ್ಟಿಸಿದ್ದರು. ಡಾಕ್ಟರರ ಮುಂದೆ ಒಯ್ದಾಗ ಜಾಣೆಯಂತೆ ಎಲ್ಲಕ್ಕೂ ಉತ್ತರ ಕೊಟ್ಟು ಬಂದಿದ್ದಳು. "ಇವಳ ತಲಿಗಿ ಓದು ಹತ್ತಂಗಿಲ್ಲರಿ ಟೀಚರ್, ಬಿಡಸ್ತೀನಿ" ಎಂದು ಅವಳಪ್ಪ ಹೇಳಿ ಹೋದ ದಿನ ನಾನು ಪುಸ್ತಕದ ಹೊಸ ಹಾಳೆಯಲ್ಲಿ ಗೆರೆ ಎಳೆದೆ. ಮಗುವನ್ನು ಗಾಡಿಗೆ ಹೋಲಿಸಿದಳೆಂದು ಮುನಿಯಬೇಡಿ. ಗಾಡಿಗೆ ತೋರಿಸಿದ ತಾಳ್ಮೆಯನ್ನು ಮಗುವಿಗೆ ತೋರಿಸದಿದ್ದರೆ ನಾನೆಂಥ ಮಾಸ್ತರಿಕೆ ಮಾಡಿದಂತಾಯಿತು?

ಎರಡು ವಾರದಲ್ಲಿ ಹದಿನೇಳು ಸಲ. ಓದುವಾಗ, ಊಟದ ಸಾಲಿನಲ್ಲಿ, ಒಮ್ಮೆ ಕುಂಟಾಬಿಲ್ಲೆ ಆಡುತ್ತ ಒಂಟಿಗಾಲಿನಲ್ಲಿ. ಆಟದಲ್ಲಿ ಧ್ಯಾನ ತಪ್ಪುವ ಮಗು ಉಂಟೇ? ಆ ಹಾಳೆಯನ್ನು ಅವಳಪ್ಪನ ಕೈಗೆ ಕೊಟ್ಟು, ಕಲಬುರಗಿಗೆ ನರರೋಗದ ಡಾಕ್ಟರರ ಹತ್ತಿರ ಜೊತೆಗೆ ಹೋದೆ. ಅವರು ಹಾಳೆ ಓದಿ, ಮಗುವಿನ ತಲೆಗೆ ತಂತಿ ಹಚ್ಚುವ ಇಇಜಿ ಪರೀಕ್ಷೆ ಮಾಡಿಸಿದರು. ಪರೀಕ್ಷೆಯ ನಡುವೆ ಮೂರು ನಿಮಿಷ ಜೋರಾಗಿ ಉಸಿರಾಡಿಸಿದರು. ಹಾಗೆ ಉಸಿರಾಡಿದರೆ ಅಡಗಿ ಕೂತದ್ದು ಹೊರಬೀಳುತ್ತದಂತೆ. ಅಲ್ಲಿಯೇ, ಅವರ ಕಣ್ಣೆದುರೇ, ಹುಡುಗಿ ಶೂನ್ಯ ನೋಡಿದಳು; ಕಾಗದದ ಮೇಲೆ ಗೆರೆಗಳು ಎದ್ದು ಕುಣಿದವು. ನನಗೆ ಹ್ಯಾಂಡಲ್ಲು ತಿರುವಿದ ಮಿಸ್ತ್ರಿಯವರ ಕೈ ನೆನಪಾಯಿತು. ಅದು ಮೂರ್ಛೆ ರೋಗದ್ದೇ ಒಂದು ಬಗೆ, ಬೀಳದೆ ನಡುಗದೆ ಬರುವಂಥದ್ದು. ಗುಳಿಗೆ ಶುರುವಾಯಿತು. ಕ್ರಮೇಣ ಆ ನಿಲುಗಡೆಗಳು ಕಡಿಮೆಯಾಗಿ, ಕಾಣದಂತಾದವು. 2025ರ ಮಾರ್ಚಿನಲ್ಲಿ ಅವಳು ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ಪಾಸಾದಳು.

ಆದ್ದರಿಂದ ಓದುಗರಲ್ಲಿ ನನ್ನದೊಂದು ಬಿನ್ನಹ. "ಈಗಷ್ಟೇ ಆಗಿತ್ತು, ಈಗಿಲ್ಲ" ಎಂದು ಯಾರಾದರೂ ನಿಮ್ಮ ಮುಂದೆ ನಿಂತರೆ, ಅದು ಗಾಡಿಯದಿರಲಿ, ಎದೆಯ ನೋವಿರಲಿ, ಮಕ್ಕಳ ಮಾತಿರಲಿ, ನಿಮಗೆ ಹಾಗನ್ನಿಸಿರಬೇಕು ಎಂದು ಮಾತ್ರ ಹೇಳಬೇಡಿ. ಯಾವಾಗ ಆಯಿತು, ಆಗ ಏನು ಮಾಡುತ್ತಿದ್ದಿರಿ ಎಂದು ಕೇಳಿ. ಕೈಯಲ್ಲಿ ಒಂದು ಪೆನ್ನಿದ್ದರೆ ಬರೆದುಕೊಳ್ಳಿ.