ಸೊಂಟದ ಯಂತ್ರಕ್ಕೆ ಕಾಣದ ಶ್ರಮ

ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರುವವರು ದಿನಕ್ಕೆಷ್ಟು ಓಡಾಡುತ್ತಾರೆ, ಅದಕ್ಕೆಷ್ಟು ಶ್ರಮಪಡುತ್ತಾರೆ ಎಂದು ಅಳೆಯುವುದು ನನ್ನ ಸಂಶೋಧನೆ. ಅವರ ಸೊಂಟಕ್ಕೆ ಬೆಂಕಿಪೊಟ್ಟಣದಷ್ಟು ಚಿಕ್ಕ ಯಂತ್ರ ಕಟ್ಟುತ್ತೇವೆ. ಅದು ಎಣಿಸುವುದು ಅಲುಗಾಟವನ್ನು. ಅದರಿಂದ ಶ್ರಮವನ್ನು ಅಂದಾಜು ಮಾಡುವವರು ನಾವು.

ಈ ಶ್ರಮದ ಅಳತೆಗೋಲು 'ಮೆಟ್'. ಸುಮ್ಮನೆ ಕುಳಿತಾಗ ದೇಹ ಬಳಸುವ ಶಕ್ತಿ 1 ಮೆಟ್. 3ರಿಂದ 6ರವರೆಗಿನದು 'ಮಧ್ಯಮ' ಶ್ರಮ. 3 ಮೆಟ್‌ನ ನಡಿಗೆಯಲ್ಲಿ ನಾನು ಹರಟುತ್ತಾ ಹೋಗಬಲ್ಲೆ. ಗರಿಷ್ಠ ಸಾಮರ್ಥ್ಯವೇ 4 ಮೆಟ್‌ಗೆ ಇಳಿದವರಿಗೆ ಅದೇ ನಡಿಗೆ ಮುಕ್ಕಾಲು ಪಾಲು ಶಕ್ತಿಯನ್ನು ಕೇಳುತ್ತದೆ. ಕಾಗದದ ಮೇಲೆ ಇಬ್ಬರದೂ 'ಮಧ್ಯಮ'ವೇ.

ನಮ್ಮ ಹಳ್ಳಿಗಳಲ್ಲಿ ಬೀಡಿ ಮುಟ್ಟದ ಹೆಂಗಸರಿಗೂ ಈ ಕಾಯಿಲೆ ಬರುತ್ತದೆ. ಸೌದೆ ಒಲೆಯ ಹೊಗೆಯೂ ಅದಕ್ಕೆ ಕಾರಣ. ಅವರ ದುಡಿಮೆಯಲ್ಲಿ ಕೈಗಳದ್ದೇ ಹೆಚ್ಚಿನ ಪಾಲು: ಮುದ್ದೆ ತೊಳಸುವುದು, ನೀರು ಸೇದುವುದು, ಬಟ್ಟೆ ಹಿಂಡಿ ಹರವುವುದು. ಉಸಿರಾಟಕ್ಕೆ ನೆರವಾಗಬೇಕಾದ ಕತ್ತು-ಭುಜಗಳ ಸ್ನಾಯುಗಳು ಆಗ ಕೈಗಳಿಗೂ ದುಡಿಯಬೇಕು. ಏದುಸಿರು ಬೇಗ ಬರುತ್ತದೆ. ಸೊಂಟದ ಯಂತ್ರಕ್ಕೆ ಇದು ಹೆಚ್ಚೇನೂ ಕಾಣುವುದಿಲ್ಲ.

"ಬಟ್ಟೆ ಹಿಂಡೋ ಹೊತ್ಗೆ ಜೀವ ಬಾಯಿಗೆ ಬತ್ತದೆ ಕಣ್ ಮಗಾ" ಅಂದರು ಒಬ್ಬ ಅಜ್ಜಿ.

ಇಂಥ ಮಾತಿಗೂ ಒಂದು ಮಾಪಕವಿದೆ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್ ರೂಪಿಸಿದ 0ಯಿಂದ 10ರ ಪಟ್ಟಿಯಲ್ಲಿ, ಉಸಿರಿಗೆ ಎಷ್ಟು ಕಷ್ಟವಾಗುತ್ತಿದೆ ಎಂದು ಅನುಭವಿಸುವವರನ್ನೇ ಕೇಳುತ್ತೇವೆ. ಯಂತ್ರದ ಅಂಕಿಯ ಪಕ್ಕ ಆ ಉತ್ತರವನ್ನೂ ಬರೆದರೆ, "ಇವರು ಕೂತೇ ಇರುತ್ತಾರೆ, ಇನ್ನಷ್ಟು ನಡೆಯಲಿ" ಎಂಬ ಸಲಹೆ ಕೊಡುವ ಮೊದಲು ಯಾರಾದರೂ ಒಂದು ಕ್ಷಣ ತಡೆದಾರು.